ಫುಕಿ ಕೊರೆದ ಹೆಸರು

ಸೆಕಿ ಊರಿನ ಕತ್ತರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಡಬ್ಬಿ ಕಟ್ಟಿ ನಿವೃತ್ತಳಾದ ಫುಕಿಗೆ ಎಪ್ಪತ್ತು ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ಹೆಂಚಿನ ವ್ಯಾಪಾರಿ ಕುಮಜಾಕಿ ಅವಳ ಬಾಗಿಲಿಗೆ ಬಂದ. ಕಂಕುಳಲ್ಲಿ ಬಟ್ಟೆ ಸುತ್ತಿದ ಕತ್ತಿ. ತೀರಿಹೋದ ಅಪ್ಪನ ಬೀರುವಿನಲ್ಲಿ ಸಿಕ್ಕಿದ್ದು. ಹಿಡಿ ಕಳಚಿದರೆ ಒಳಗಿನ ಕಬ್ಬಿಣದ ಮೇಲೆ ‘ಕನೆಮೊರಿ’ ಎಂಬ ಕಮ್ಮಾರನ ಹೆಸರಿತ್ತು. ಆದರೆ ಕನೆಮೊರಿಯ ಮೊಮ್ಮಗ ಅದನ್ನು ನೋಡಿ, “ಇದು ನಮ್ಮ ತಾತನ ಅಕ್ಷರ ಅಲ್ಲ, ನಕಲಿ” ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಯುದ್ಧದ ಕಾಲದಿಂದಲೂ ಕತ್ತಿಗೆ ಮೆರುಗು ಕೊಡುತ್ತಿದ್ದ ಮುದುಕನೊಬ್ಬ ಮಾತ್ರ, ಯಾವುದಕ್ಕೂ ಫುಕಿಯನ್ನು ಕೇಳಿ ನೋಡು ಎಂದು ಕಳಿಸಿದ್ದ.

ಫುಕಿ ಕನ್ನಡಕ ಏರಿಸಿ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರಗಳ ಅಂಚನ್ನು ಉಗುರಿನಿಂದ ಸವರಿದಳು.

“ಇದು ನಾನು ಕೊರೆದಿದ್ದು.”

“ಏನಜ್ಜೀ, ತಮಾಷೆ ಮಾಡ್ತೀರಾ?”

“ಎಡಗೈಲಿ ಸುತ್ತಿಗೆ ಹಿಡಿದು ಹೊಡೆದ್ರೆ ಕಬ್ಬಿಣ ಈ ಕಡೆ ಉಬ್ಬುತ್ತಪ್ಪಾ. ಎಡಚಿ ಅಂತ ಬೈಸ್ಕೊಂಡು ಈ ಊರಲ್ಲಿ ಹೆಸರು ಕೊರೀತಿದ್ದೋಳು ನಾನೊಬ್ಳೇ.”

ಯುದ್ಧದ ಕಾಲವದು. ಕಮ್ಮಾರರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಕತ್ತಿ ಬಡಿಯುವವರು ಅವರು, ಅವರ ಹೆಸರು ಕೊರೆಯುವವನು ಫುಕಿಯ ಅಪ್ಪ. ಅವನ ಕಣ್ಣಿಗೆ ಪೊರೆ ಬಂದಾಗ ಹದಿನೆಂಟರ ಫುಕಿ ಉಳಿ ಹಿಡಿದಳು. ಹೆಸರನ್ನು ಕಮ್ಮಾರನೇ ಕೊರೆಯುತ್ತಾನೆಂದು ಕೊಳ್ಳುವವರು ನಂಬಿದ್ದರಿಂದ ಹೊರಗೆ ಬಾಯಿ ಬಿಡುವ ಹಾಗಿರಲಿಲ್ಲ, ಬಿಡಲೂ ಇಲ್ಲ. ಯುದ್ಧ ಮುಗಿದು ಕತ್ತಿಯ ಕೆಲಸ ನಿಂತುಹೋಯಿತು.

“ಹಂಗಾದ್ರೆ ಇದು ನಕಲೀನೇ ಅಲ್ವಾ?” ಕುಮಜಾಕಿಯ ಮುಖ ಬಾಡಿತು.

“ಯಾಕಾಗುತ್ತೆ? ಇಲ್ನೋಡು, ಅರದ ಗೆರೆ ಎಷ್ಟು ಓರೆಯಾಗಿದೆ. ಹಿಂಗೆ ಉಜ್ತಿದ್ದೋನು ಕನೆಮೊರಿ ಒಬ್ನೇ. ಕತ್ತಿ ಅವನ್ದು, ಅಕ್ಷರ ನಂದು.” ಕೊಂಚ ತಡೆದು ಕೇಳಿದಳು: “ನಿಮ್ಮಪ್ಪ ಇದ್ರಲ್ಲಿ ಯಾರನ್ನಾದ್ರೂ ಕಡಿದ್ರಾ?”

“ಅಪ್ಪ ಸೈನ್ಯದಲ್ಲಿ ಕುದುರೆ ಡಾಕ್ಟ್ರಾಗಿದ್ರು, ಅಜ್ಜೀ. ಒಂದ್ಸಲ ಇದ್ರಲ್ಲಿ ಕಲ್ಲಂಗಡಿ ಕೊಯ್ದು ಮೇಲಧಿಕಾರಿ ಕೈಲಿ ಕಪಾಳಕ್ಕೆ ತಿಂದಿದ್ರಂತೆ. ಅಷ್ಟೆ.”

ಫುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಐವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಅದು. ಯಾರನ್ನು ಕೇಳಬೇಕೆಂದೇ ಗೊತ್ತಿರಲಿಲ್ಲ.

ಅವತ್ತೇ ಕುಮಜಾಕಿಯ ಜೊತೆ ಕನೆಮೊರಿಯ ಮೊಮ್ಮಗನ ಮನೆಗೆ ಹೋಗಿ, ಕಬ್ಬಿಣದ ಚೂರೊಂದರ ಮೇಲೆ ಅದೇ ಹೆಸರನ್ನು ಕೊರೆದು ತೋರಿಸಿದಳು. ಸುತ್ತಿಗೆ ಎಡಗೈಯಲ್ಲೇ, ಗೀರೂ ಅದೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮೊಮ್ಮಗ ತಲೆ ಬಾಗಿಸಿ, ತಪ್ಪಾಯಿತು ಎಂದ.

ಸುದ್ದಿ ಹರಡಿ ಜನ ತಂತಮ್ಮ ಮನೆಯ ಕತ್ತಿ ಹೊತ್ತು ಬರತೊಡಗಿದರು. ಫುಕಿ ಚಹಾ ಕೊಟ್ಟು ನೋಡುತ್ತಿದ್ದಳು. ತನ್ನ ಕೈಬರಹವಲ್ಲದಿದ್ದರೆ ಮುಲಾಜಿಲ್ಲದೆ ಅಲ್ಲ ಎನ್ನುವಳು. ಹೌದಾದರೆ, ಕುಮಜಾಕಿಯನ್ನು ಕೇಳಿದ್ದನ್ನೇ ಅವರನ್ನೂ ಕೇಳುವಳು. ಬಂದ ಉತ್ತರಗಳೆಲ್ಲ ನಗುವಂಥವಾಗಿರಲಿಲ್ಲ. ಆದರೂ ಅವಳು ಕೇಳುವುದನ್ನು ಬಿಡಲಿಲ್ಲ.