ಬೀಗದ ಫೋಟೋ

ಮನೆಗೆ ಬೀಗ ಹಾಕಿದ ಮೇಲೆ ಅದರ ಫೋಟೋ ತೆಗೆಯುವುದು ನನ್ನ ಅಭ್ಯಾಸ. ಅದಕ್ಕೂ ಮೊದಲು ಗ್ಯಾಸ್ ಆಫ್ ಮಾಡಿ ಸ್ಟೋವಿನದೊಂದು ಫೋಟೋ. ಬಸ್ ಸ್ಟಾಪಿನಲ್ಲಿ ಅನುಮಾನ ಬಂದರೆ ತೆಗೆದು ನೋಡಿಕೊಳ್ಳಬಹುದು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುವಾಗ, ನೆನಪು ಸಾಕ್ಷಿಯಲ್ಲ ಎಂದು ವಾದ ಹೂಡಿ ಗೆಲ್ಲುತ್ತಿದ್ದೆ. ಆಗ ಅದು ಬೇರೆಯವರ ನೆನಪಿನ ಬಗ್ಗೆ ಆಡಿದ ಮಾತಾಗಿತ್ತು.

ಹೆಂಡತಿ ಹೋದ ಮೇಲೆ ಇಟ್ಟಮಡುವಿನ ಈ ಮನೆಯಲ್ಲಿ ನಾನೊಬ್ಬನೇ. ನಮಗೆ ಮಕ್ಕಳಿಲ್ಲ. ಪರಿಚಯದವರ ಹೆಸರುಗಳು ಜಾರತೊಡಗಿದಾಗ ಯಾರಿಗೂ ಹೇಳದೆ ಜಯನಗರದ ಡಾಕ್ಟರೊಬ್ಬರ ಹತ್ತಿರ ಹೋಗಿಬಂದೆ. ಅವರು ಪರೀಕ್ಷೆ ಮಾಡಿಸಿ, ಈಗಲೇ ಏನೂ ಹೇಳುವುದಕ್ಕಾಗುವುದಿಲ್ಲ, ಮತ್ತೆ ಬನ್ನಿ ಎಂದರು. ರಿಪೋರ್ಟುಗಳ ಫೋಟೋ ತೆಗೆದು ಮನೆಯ ಕಂಪ್ಯೂಟರಿಗೆ ಹಾಕಿಟ್ಟೆ. ನೆಂಟರಿಗೆ ಗೊತ್ತಾದರೆ ಎಲ್ಲರೂ ಒಂದು ದಿನ ಕೂತು ಮಾತಾಡಿ ನನ್ನನ್ನು ಯಾರದಾದರೂ ಮನೆಗೆ ಸಾಗಿಸುತ್ತಾರೆ. ಆಮೇಲೆ ಈ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿ ಇರುವುದಿಲ್ಲ. ನನಗಿದ್ದ ಹೆದರಿಕೆ ಅದೊಂದೇ.

ಒಂದು ಬೆಳಿಗ್ಗೆ ಬನಶಂಕರಿಯ ಸಂತೆಯಲ್ಲಿ ದಂಟಿನ ಸೊಪ್ಪು ಆರಿಸುತ್ತಿದ್ದಾಗ ನಾದಿನಿಯ ಫೋನ್ ಬಂತು. ಹೆಂಡತಿಯ ತಂಗಿ, ಕೋಣನಕುಂಟೆಯಲ್ಲಿದ್ದಾಳೆ. ಹಬ್ಬಹರಿದಿನ ಬಿಟ್ಟರೆ ಫೋನ್ ಮಾಡುವವಳಲ್ಲ.

“ಭಾವ, ಮನೆಗೆ ಬೀಗ ಹಾಕಿದೀರಾ?”

ಹಾಕಿದ್ದೇನೆ ಎಂದೆ. ಒಂದ್ಸಲ ನೋಡ್ಕೊಳ್ಳಿ ಅಂದು ಇಟ್ಟುಬಿಟ್ಟಳು. ಫೋಟೋ ಹುಡುಕಿದೆ. ಸ್ಟೋವ್ ಇತ್ತು, ಬೀಗ ಇರಲಿಲ್ಲ. ಆಟೋ ಹಿಡಿದು ಬಂದರೆ, ಬೀಗ ಚಿಲಕಕ್ಕೆ ಸುಮ್ಮನೆ ನೇತಾಡುತ್ತಿತ್ತು. ಒತ್ತಿರಲಿಲ್ಲ.

ಒಳಗೆ ಎಲ್ಲವೂ ಇದ್ದ ಹಾಗೇ ಇತ್ತು. ಅದರಿಂದ ಸಮಾಧಾನವಾಗಲಿಲ್ಲ. ಅಷ್ಟು ದೂರದಲ್ಲಿ ಕೂತವಳಿಗೆ ನನ್ನ ಬಾಗಿಲು ಕಂಡಿದ್ದು ಹೇಗೆ? ಎದುರು ಮನೆಯ ತಾರಸಿ ನೋಡಿದೆ, ಒಣಹಾಕಿದ ಬಟ್ಟೆ ಮಾತ್ರ ಇತ್ತು. ದೆವ್ವ ನಂಬುವವನಲ್ಲ ನಾನು. ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರೆ ಎಂದು ನಂಬುವುದು ಸುಲಭವಾಗಿತ್ತು. ಫೋನು, ಕಂಪ್ಯೂಟರುಗಳ ಫೋಟೋಗಳೆಲ್ಲ ಹೋಗಿ ಸೇರುವ ಖಾತೆ ನಮ್ಮಿಬ್ಬರಿಗೂ ಒಂದೇ, ಹೆಂಡತಿ ತನ್ನ ಹೆಸರಿನಲ್ಲಿ ಮಾಡಿದ್ದು. ಅದು ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ ಎಂದು ತೋರಿಸುವ ಪುಟಕ್ಕೆ ಹೋದೆ. ಈ ಕಂಪ್ಯೂಟರು, ನನ್ನ ಫೋನು, ಅದರ ಕೆಳಗೆ ಇನ್ನೊಂದು. ಅದರ ಹೆಸರು ‘ನಂದು’.

ಹೆಂಡತಿ ತನ್ನ ಫೋನಿಗೆ ತಾನೇ ಇಟ್ಟ ಹೆಸರು ಅದು. ಪಕ್ಕದಲ್ಲಿ, ಕೊನೆಯ ಬಳಕೆ ಇಂದು ಬೆಳಿಗ್ಗೆ ಎಂದಿತ್ತು.

ಆ ಫೋನನ್ನು ಆಫ್ ಮಾಡಿ, ಚಾರ್ಜರಿನ ವೈರು ಸುತ್ತಿ, ಬೀರುವಿನಲ್ಲಿ ಅವಳ ಶಾಲಿನ ಕೆಳಗೆ ಇಟ್ಟಿದ್ದೆ. ಇಡುವಾಗ ಗಾಜು ತಣ್ಣಗಿದ್ದದ್ದು ಕೂಡ ಬೆರಳಿಗೆ ನೆನಪಿದೆ. ಬೀರು ತೆಗೆದೆ. ಶಾಲು ಇತ್ತು. ಅದರ ಕೆಳಗೆ ಹಲಗೆ. ತೆಗೆದ ಬಾಗಿಲ ಮುಂದೆ ನಿಂತುಬಿಟ್ಟೆ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನು ಯಾರೋ ಉಸಿರಾಡಿದ ಹಾಗೆ ಕೇಳಿಸುತ್ತಿತ್ತು.

ನಾದಿನಿಗೆ ಫೋನ್ ಮಾಡಿ, ಅಕ್ಕನ ಫೋನ್ ನಿನ್ನ ಹತ್ತಿರ ಇದೆಯೇ ಎಂದು ಕೇಳಿದೆ.

“ಇದೆ. ನೀವೇ ಕೊಟ್ರಲ್ಲ ಭಾವ. ತಿಥಿ ದಿನ, ಎಲೆ ಅಡಿಕೆ ಇಟ್ಟು, ಎಲ್ಲರ ಮುಂದೆ.”

“ನಾನಾ?”

“ಇಲ್ಲ, ನಾನೇ ಬೀರು ಒಡೆದು ಕದ್ಕೊಂಡ್ ಬಂದೆ.” ನಕ್ಕಳು. ನಾನು ನಗಲಿಲ್ಲ ಎಂದು ಗೊತ್ತಾಗಿ ನಗು ನಿಲ್ಲಿಸಿದಳು.

ಆಮೇಲೆ ಮೆಲ್ಲಗೆ ಹೇಳುತ್ತಾ ಹೋದಳು. ಫೋನಿನಿಂದ ಖಾತೆ ತೆಗೆದುಹಾಕಿದರೆ ಅಕ್ಕನ ಫೋಟೋಗಳೂ ಹೋಗುತ್ತವೆ ಎಂದು ಹೆದರಿ ಫೋನನ್ನು ಇದ್ದ ಹಾಗೇ ಇಟ್ಟುಕೊಂಡಿದ್ದಳಂತೆ. ಕೆಲವು ದಿನಗಳಲ್ಲಿ ಅದರೊಳಗೆ ಹೊಸ ಫೋಟೋಗಳು ಬಂದು ಬೀಳತೊಡಗಿದವು. ಆರಿದ ಸ್ಟೋವ್, ಮುಚ್ಚಿದ ಬಾಗಿಲು.

“ಮೊದ್ಲು ಅಕ್ಕಾನೇ ಕಳಿಸ್ತಿದಾಳೆ ಅಂದ್ಕೊಂಡೆ ಭಾವ. ಆ ಫೋನ್ ಮುಟ್ಟೋಕೇ ಹೆದರ್ತಿದ್ದೆ.”

ನಮ್ಮ ಬಾಗಿಲಿನ ಹಸಿರು ಬಣ್ಣ ಗುರುತು ಹತ್ತಿದ ಮೇಲೆ ಹೆದರಿಕೆ ಬಿಟ್ಟಿತು. ಈಗ ದಿನಾ ಬೀಗದ ಫೋಟೋ ಬಂದ ಮೇಲೆಯೇ ಅವಳು ಸ್ನಾನಕ್ಕೆ ಹೋಗುವುದಂತೆ. ಅವತ್ತು ಸ್ಟೋವ್ ಬಂದು ಎಷ್ಟು ಹೊತ್ತಾದರೂ ಬೀಗ ಬಂದಿರಲಿಲ್ಲ. ನಾನು ಕೇಳಬೇಕೆಂದಿದ್ದುದನ್ನು ಕೇಳುವ ಮುಂಚೆ ಅವಳೇ ಹೇಳಿದಳು: “ರಿಪೋರ್ಟೂ ನೋಡಿದೀನಿ. ಮನೇಲಿ ಯಾರಿಗೂ ಹೇಳಿಲ್ಲ.”

ನಮ್ಮ ಮನೆಯಲ್ಲಿ ತಿಥಿ ಊಟ ಮುಗಿದ ಮೇಲೆ ಹೋದವರ ಸೀರೆ, ಕೊಡೆ, ಚಪ್ಪಲಿ ಹಂಚುತ್ತಾರೆ. ಎಲೆ ಅಡಿಕೆ ಇಟ್ಟು ಕೊಟ್ಟದ್ದನ್ನು ವಾಪಸು ಕೇಳುವ ಹಾಗಿಲ್ಲ. ಕೊಡೆಯ ಜೊತೆ ಮಳೆ ಹೋಗುವುದಿಲ್ಲ, ಚಪ್ಪಲಿಯ ಜೊತೆ ದಾರಿ ಹೋಗುವುದಿಲ್ಲ. ಫೋನಿನ ಜೊತೆ ಇಡೀ ಮನೆಯೇ ಹೋಗಿತ್ತು. ಕೊಟ್ಟದ್ದು ನೆನಪಿಲ್ಲದ ನನಗೆ, ವಾಪಸು ಕೇಳಬಾರದು ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

ತಿಥಿಯ ದಿನದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಒಂದರಲ್ಲಿ ನಾನು ತಟ್ಟೆ ಹಿಡಿದಿದ್ದೇನೆ, ನಾದಿನಿ ಸೆರಗೊಡ್ಡಿದ್ದಾಳೆ. ವೀಳ್ಯದೆಲೆಯ ಅಡಿಯಲ್ಲಿ ಕಪ್ಪು ಅಂಚು ಕಾಣುತ್ತದೆ. ಫೋನಿರಬಹುದು, ಎಲೆಯ ನೆರಳಿರಬಹುದು. ತಟ್ಟೆ ಹಿಡಿದವನ ಮುಖದಲ್ಲಿ ಗೊಂದಲವೇ ಇಲ್ಲ. ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿದೆ. ಅವನ ಪರಿಚಯ ನನಗಿಲ್ಲ.

ಪಾಸ್‌ವರ್ಡ್ ಬದಲಿಸಿಬಿಡೋಣ ಎಂದು ಕೂತೆ. ಬದಲಿಸಿದರೆ ಉಳಿದ ಫೋನುಗಳೆಲ್ಲ ಹೊರಗೆ ಬೀಳುತ್ತವೆ ಎಂದು ಕಂಪ್ಯೂಟರು ಎಚ್ಚರಿಸಿತು. ಮೊದಲು ರಿಪೋರ್ಟುಗಳನ್ನು ಆ ಖಾತೆಯಿಂದ ತೆಗೆದು ಬೇರೆ ಕಡೆ ಇಟ್ಟೆ. ನಾದಿನಿ ನೋಡಿಯಾಗಿದ್ದರೂ ತೆಗೆದೆ. ಆಮೇಲೆ ಹೊಸ ಪಾಸ್‌ವರ್ಡ್ ಹಾಕಿ, ನನ್ನ ಫೋನಿನಲ್ಲೂ ಅದನ್ನೇ ಒತ್ತಿದೆ. ಪಟ್ಟಿಯಿಂದ ‘ನಂದು’ ಮಾಯವಾಯಿತು. ಹೆಂಡತಿ ಇನ್ನೊಂದು ಸಲ ಹೋದ ಹಾಗಾಯಿತು. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಪರದೆಯ ಮೇಲೆ ಇನ್ನೂ ಇತ್ತು.

ಈ ಸಲ ನಾನೇ ಗೊತ್ತಿದ್ದು ಕೊಡೋಣವೆಂದು ನಾದಿನಿಗೆ ಫೋನ್ ಮಾಡಿ ಅದರ ಒಂದೊಂದೇ ಅಕ್ಷರ ಹೇಳಿದೆ. ಅವಳು ಒತ್ತಿಕೊಂಡು, ಬಂತು ಎಂದಳು. ನಾನು ಫೋನ್ ಇಡಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು.

“ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ ಭಾವ. ಎಲ್ಲಾದ್ರೂ ಕರ್ಕೊಂಡ್ ಹೋಗೋ ಮಾತು ಬಂದ್ರೆ ಮೊದ್ಲು ನಿಮಗೇ ಹೇಳ್ತೀನಿ. ಫೋಟೋ ಮಾತ್ರ ತಪ್ಪಿಸ್ಬೇಡಿ.”

ಮರುದಿನ ಬೀಗ ಒತ್ತಿ, ಎಳೆದು ನೋಡಿ, ಫೋಟೋ ತೆಗೆದೆ. ಬಸ್ ಸ್ಟಾಪಿನಲ್ಲಿ ಎಂದಿನಂತೆ ಅನುಮಾನ ಬಂತು. ಈ ಸಲ ಫೋಟೋ ತೆಗೆದು ನೋಡಲಿಲ್ಲ, ಫೋನ್ ಕೈಯಲ್ಲಿ ಹಿಡಿದು ಕಾದೆ. ಬಸ್ಸು ಬಂತು. ನಾದಿನಿಯ ಫೋನ್ ಬರಲಿಲ್ಲ. ಬೀಗ ಬಿದ್ದಿರಬೇಕು ಎಂದುಕೊಂಡು ಹತ್ತಿದೆ.