ಕೆಟ್ಟ ಹರಕೆಯನ್ನೂ ಕೇಳಿಸಿಕೊಂಡ ಸ್ವಾಮಿ

ಭಕ್ತ ಬಂಧುಗಳೇ, ಬೇಡಿಕೊಂಡದ್ದು ನಡೆಯಿತೆಂದು ಇಲ್ಲಿ ಎಲ್ಲರೂ ಸಂತೋಷದಿಂದ ಬರೆಯುತ್ತಾರೆ. ನಾನು ತಲೆತಗ್ಗಿಸಿಕೊಂಡು ಬರೆಯುತ್ತಿದ್ದೇನೆ.

ನಮ್ಮದು ಕುದೂರಿನ ಹತ್ತಿರದ ಹಳ್ಳಿ. ನನ್ನ ಮಗ ಕಿರಣ ಹುಟ್ಟಿದ್ದು ಹೆಣ್ಣಾಗಿ. ತಾನು ಗಂಡೆಂದು ಚಿಕ್ಕಂದಿನಿಂದಲೂ ಹೇಳುತ್ತಲೇ ಬಂದ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಿಡದಿಯಲ್ಲಿ ಕೆಲಸಕ್ಕೆ ಸೇರಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದೊಂದೇ ಆಪರೇಷನ್ ಮಾಡಿಸಿಕೊಂಡ. ಅವನದೇ ಮೈಯ ಚರ್ಮದಿಂದ ಗಂಡಿನ ಅಂಗ ರೂಪಿಸಿದ್ದರು. ಕಳೆದ ವರ್ಷ ಅದರೊಳಗೆ, ಗಡುಸು ಬರಲೆಂದು, ಇಂಪ್ಲಾಂಟ್ ಕೂರಿಸಿದರು.

ಆವತ್ತು ನಾನು ಆಸ್ಪತ್ರೆಗೆ ಹೋಗಲಿಲ್ಲ, ಸಾವನದುರ್ಗದ ಗುಡಿಗೆ ಹೋದೆ. ನೆಂಟರು ಆಡಿಕೊಳ್ಳುತ್ತಾರೆಂಬ ಹೆದರಿಕೆ ಒಂದು, ನನ್ನ ಹಟ ಇನ್ನೊಂದು. "ಒಳಕ್ಕೆ ಹಾಕಿರೋದು ಮೈಗೆ ಒಗ್ಗದಂಗೆ ಮಾಡಪ್ಪ ನರಸಿಂಹಸ್ವಾಮಿ, ನನ್ ಮಗ್ಳನ್ನ ನಂಗ್ ವಾಪಸ್ ಕೊಡು" ಎಂದು ಹರಕೆ ಹೊತ್ತೆ. ನನ್ನ ನಾಲಿಗೆ ಸೇದಿಹೋಗ!

ಕೆಲವು ವಾರಗಳಾದ ಮೇಲೆ ಕಿರಣನ ಫೋನ್ ಬಂತು. "ಅವ್ವ, ಜ್ವರ ಬುಡ್ತಿಲ್ಲ ಕಣವ್ವ. ಆಪರೇಷನ್ ಆದ್ ಜಾಗ ಕೆಂಪಗಾಗಿ ಕೀವು ಸೋರ್ತೈತೆ. ಆಸ್ಪತ್ರೆಗೆ ಸೇರ್ಕೊಂಡಿವ್ನಿ."

ಉಟ್ಟ ಸೀರೆಯಲ್ಲೇ ಹೊರಟೆ. ಮಾಗಡಿಯಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನದು ಒಂದೇ ಮಾತು: "ಸ್ವಾಮಿ, ಆ ಹರಕೆ ಮರ್ತ್‌ಬುಡು. ಅವ್ನು ಹೆಂಗಾದ್ರೂ ಇರ್ಲಿ, ಜೀವ ಉಳ್ಸು."

"ಸೋಂಕು ರಕ್ತಕ್ಕೂ ಹರಡಿದೆಯಮ್ಮ, ಇಂಪ್ಲಾಂಟ್ ತೆಗೀಲೇಬೇಕು" ಎಂದರು ಡಾಕ್ಟರಮ್ಮ. ಅಯ್ಯೋ, ನಾನು ಕೇಳಿದ್ದೇ ಆಗಿಹೋಯಿತಲ್ಲ! ಆಪರೇಷನ್ ಮುಗಿಯುವವರೆಗೂ ಬಾಗಿಲ ಬಳಿ ನೆಲದ ಮೇಲೇ ಕೂತಿದ್ದೆ. ಮಾರನೆಯ ದಿನ ಜ್ವರ ಇಳಿಯಿತು. ರೂಪಿಸಿದ ಅಂಗಕ್ಕೂ ಏನೂ ಆಗಲಿಲ್ಲ.

ಅವನು ಕಣ್ಣು ಬಿಟ್ಟಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಗೋಡೆಯತ್ತ ತಿರುಗಿಕೊಂಡ. "ಹಂಗ್ ಕೇಳ್ಕೋಬಾರ್ದಿತ್ತು ಕಣವ್ವ" ಅಂದ. ಅಷ್ಟೇ. ಬೈದಿದ್ದರೆ ಒಸಿ ಹಗುರವಾಗುತ್ತಿತ್ತೇನೋ.

ಡಾಕ್ಟರಮ್ಮನ ಮುಂದೆಯೂ ಅತ್ತೆ. "ಹರಕೆಯಿಂದ ಕೀವಾಗಲ್ಲಮ್ಮ. ಇಂಥ ಆಪರೇಷನ್‌ನಲ್ಲಿ ಹೀಗಾಗೋದುಂಟು. ಪೂರ್ತಿ ಮಾಯಲಿ, ಕೆಲವು ತಿಂಗಳಾದ ಮೇಲೆ ಮತ್ತೆ ಹಾಕಬಹುದು" ಎಂದು ಸಮಾಧಾನ ಮಾಡಿದರು. ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ.

ಮಗನನ್ನು ಉಳಿಸಿಕೊಟ್ಟ ಸ್ವಾಮಿಗೆ ಸಾವಿರ ನಮಸ್ಕಾರ. ಸ್ವಾಮಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆಂದು ಈಗ ನನಗೆ ಗೊತ್ತು. ಅದಕ್ಕೇ ನನ್ನ ಬಾಯಿಯ ಮೇಲೆ ನನಗೇ ಭಯ. ಸಂಜೆ ದೀಪ ಹಚ್ಚಿ, ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿರುವ ಕಿರಣನನ್ನು ಮೊದಲು ಕೇಳುತ್ತೇನೆ: "ಏನಂತ ಕೇಳ್ಕೊಳ್ಲಿ ಮಗ?"

"ಮತ್ತೆ ಹಾಕಿಸ್ಕೊತೀನಿ. ಈ ಸಲ ಮೈಗೆ ಒಗ್ಲಿ ಅನ್ನವ್ವ" ಅನ್ನುತ್ತಾನೆ.

ಹಾಗೇ ಅನ್ನುತ್ತೇನೆ. ನನ್ನದೆಂದು ಒಂದು ಮಾತೂ ಸೇರಿಸುವುದಿಲ್ಲ.