ಮಾರನಕೊಪ್ಪಲಿನ ಒಂದೇ ಮನೆ

ಶ್ರೀರಂಗಪಟ್ಟಣದಲ್ಲಿ ನಾಗಮಂಗಲದ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಟಿಕೆಟ್ಟು ಎಂಟು ರೂಪಾಯಿ. ಆಗಷ್ಟೇ ಜನಗಣತಿ ಮುಗಿದಿತ್ತು. ಹೆಸರು, ಎಲ್ಲೆ ಎರಡೂ ಇದ್ದು ಜನರೇ ಇಲ್ಲದ ಊರುಗಳು ಆ ಕಡೆ ಇವೆ, ಅವನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ ಎಂದು ಕೇಳಿದ್ದೆ. ಜನರಿಲ್ಲದ್ದು ಊರು ಹೇಗಾದೀತು? ಕಣ್ಣಾರೆ ಕಂಡೇಬಿಡೋಣವೆಂದು ಅಂಥದೇ ಒಂದು ಊರಾದ ಮಾರನಕೊಪ್ಪಲಿಗೆ ಹೊರಟಿದ್ದೆ.

ಕಿರಂಗೂರಿನಲ್ಲಿ ಹತ್ತಿದ ನಂಜೇಗೌಡರೆಂಬ ಹಿರಿಯರು ಗರಿಗರಿ ಪಂಚೆ ಸರಿಪಡಿಸಿಕೊಂಡು ಪಕ್ಕದಲ್ಲಿ ಕೂತರು. ಪಾಂಡವಪುರ ದಾಟುವವರೆಗೂ ನಾಲೆ, ಭತ್ತ, ಕಬ್ಬು; ಒಂದೂರು ಮುಗಿಯುವುದರೊಳಗೆ ಇನ್ನೊಂದು. ಜಕ್ಕನಹಳ್ಳಿ ಕಳೆದ ಮೇಲೆ ನೆಲ ಕೆಂಪಾಯಿತು, ಬಂಡೆಗಳೆದ್ದವು, ಊರುಗಳು ದೂರದೂರ ಸರಿದವು.

"ನೋಡಿ ಗೌಡ್ರೇ, ನಾಲೆ ನಿಂತ ಕಡೆ ಜನಾನೂ ತೆಳ್ಳಗಾಗ್ತಾರೆ" ಎಂದು ಶುರುಮಾಡಿದೆ. "ಮಾರನಕೊಪ್ಪಲಂತೂ ಪ್ಲೇಗಿನ ಕಾಲಕ್ಕೇ ಬಿಟ್ಟುಹೋದ ಊರಂತೆ. ಒಂದು ನರಪಿಳ್ಳೇನೂ ಇಲ್ಲ."

ಗೌಡರ ಮುಖ ಬಿಗಿಯಿತು. "ಏನಂದೆ? ನನ್ ತಂಗಿ ಮಗನ್ಗೆ ಎಣ್ ನೋಡಾಕೆ ಅಲ್ಗೇ ಕಣಪ್ಪ ನಾನ್ ಓಯ್ತಿರದು! ಅಂಗಂತ ನಮ್ಗ್ಯಾರೂ ಯೋಳ್ನಿಲ್ವಲ್ಲ!"

ಬಸ್ಸಿಳಿದು ಹುರುಳಿ ಹೊಲಗಳ ನಡುವೆ ಎರಡು ಮೈಲಿ ನಡೆದೆವು. ಮುರಿದ ಗೋಡೆಗಳು, ಕಾರೆಮುಳ್ಳು, ಪಾಳು ಗುಡಿ. ಅದರಾಚೆ ಒಂದೇ ಒಂದು ಹೆಂಚಿನ ಮನೆ, ಕೊಟ್ಟಿಗೆಯಲ್ಲಿ ಎಮ್ಮೆಗಳು. ಅಣ್ಣತಮ್ಮಂದಿರು ಪಾಲಾದ ಮೇಲೆ ಪಕ್ಕದೂರು ಬಿಟ್ಟು, ಇಲ್ಲಿ ತಮ್ಮ ಪಾಲಿಗೆ ಬಂದ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ ಬೋರೇಗೌಡರು ಕಾಲಿಗೆ ನೀರು ಕೊಟ್ಟರು. ಅವರ ಮಗಳು ಮಂಜುಳ ಕಾಪಿ ತಂದಳು, ಕುಡಿದೆವು. ಒಳಗಿಂದ ಅವರೆಕಾಳು ಸಾರಿನ ಘಮ. ಆದರೆ ಸಂಬಂಧ ಒಪ್ಪಿಗೆಯಾಗದೆ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲ. ಊಟಕ್ಕೆ ಏಳಿ ಎಂದು ಬೋರೇಗೌಡರು ಕರೆದಾಗ ನಂಜೇಗೌಡರು ಅಲ್ಲಾಡಲಿಲ್ಲ.

"ಉಡ್ಗಿ ಲಕ್ಷಣವಾಗವ್ಳೆ, ಅದ್ರಲ್ಲೇನಿಲ್ಲ. ಆದ್ರೆ ಪಾಳೂರಿಂದ ಎಣ್ ತಂದ್ರು ಅಂತ ನಮ್ಮೋರು ಆಡ್ಕಳಲ್ವಾ? ಇಗಾ, ಈ ಓದ್ದೋನು ಇದು ಊರೇ ಅಲ್ಲ ಅಂತಾವ್ನೆ."

ಬೋರೇಗೌಡರು ತಲೆ ತಗ್ಗಿಸಿದರು. ಬಾಗಿಲ ಬಳಿಯಿದ್ದ ಮಂಜುಳ ನನ್ನನ್ನೇ ನೋಡಿ ಕೇಳಿದಳು:

"ಅಣ್ಣ, ಕಿರಂಗೂರ್ಗೆ ಒಂದೇ ದಿನ ಊರಿಗೂರೇ ಬಂದ್ಬುಡ್ತಾ?"

"ಇಲ್ಲಮ್ಮ."

"ಯಾರೋ ಒಬ್ರು ಮೊದ್ಲು ಬಂದಿರ್ಬೇಕಲ್ವಾ? ಅವ್ರ ಮನೆ ಒಂಟಿ ಅಂತ ಯಾರೂ ಸಂಬಂಧ ಮಾಡ್ದೆ ಇದ್ದಿದ್ರೆ, ಇವತ್ತು ಇವ್ರು ಎಲ್ಲಿಂದ ಬತ್ತಿದ್ರು?"

"ಸುಮ್ಕಿರೇ, ದೊಡ್ಡೋರ ಮುಂದೆ!" ತಾಯಿ ಒಳಗಿಂದಲೇ ಗದರಿದರು.

ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಯ ಮಾತು ಒಪ್ಪಿಕೊಂಡವನಲ್ಲ ನಾನು. "ಇವಳು ಹೇಳೋದೇ ಸರಿ ಗೌಡ್ರೇ. ನಾನು ನೋಡದೇನೇ ಮಾತಾಡ್ಬಿಟ್ಟೆ" ಎಂದೆ.

ನಂಜೇಗೌಡರು ನನ್ನನ್ನೂ ಹುಡುಗಿಯನ್ನೂ ನೋಡಿ ಹೊಟ್ಟೆ ಕುಲುಕಿಸಿ ನಕ್ಕರು. "ಅಲ್ ಕಣ್ಲಾ, ನಿನ್ ಮಾತ್ ಕಟ್ಕೊಂಡು ವಾಪಸ್ ಬಸ್ ಅತ್ತಾನ ಅಂತಿದ್ನಲ್ಲೋ! ನನ್ ತಂಗಿ ಮಗ ಬಾಯೇ ಬುಡಲ್ಲ. ಇಂತಾಳೊಬ್ಳು ಆ ಮನೇಲಿರ್ಲಿ."

ಆಮೇಲೆ ಚಾಪೆ ಎಳೆದುಕೊಂಡು ಚಕ್ಕಂಬಕ್ಕಳ ಹಾಕಿ ಕೂತರು.

"ಮುದ್ದೆ ಇಕ್ಕವ್ವ, ಮಂಜುಳ."

ಒಳಗೆ ತಟ್ಟೆಗಳು ಒಮ್ಮೆಲೇ ಸದ್ದು ಮಾಡಿದವು.